ನಾಲ್ಕೇ ಸೀರಿಯಲ್ ಪೋರ್ಟ್, ಆರು ಕಾಟಾ: ನನ್ನ ಅನುಭವ

ಒಂದೇ ಕಂಪ್ಯೂಟರ್ ಒಳಗೆ ಹಲವು ವರ್ಚುವಲ್ ಮಷೀನ್ (ವಿಎಂ), ಅಂದರೆ ಸಾಫ್ಟ್‌ವೇರ್‌ನ ಹುಸಿ ಕಂಪ್ಯೂಟರ್, ಓಡಿಸುವ ವಿಎಂವೇರ್ ಸರ್ವರ್ 1.0 ಒಂದು ವಿಎಂಗೆ ಕೊಡುತ್ತಿದ್ದುದು ನಾಲ್ಕೇ ಸೀರಿಯಲ್ ಪೋರ್ಟ್. ಮುಧೋಳ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾ ಆರು, ಒಂದೊಂದರ ತೂಕ ಕಂಪ್ಯೂಟರ್‌ಗೆ ಬರಲು ಒಂದೊಂದು ಸೀರಿಯಲ್ ಪೋರ್ಟ್ ಬೇಕು. ಎತ್ತಿನ ಗಾಡಿಗೆ ಒಂದು, ಉಳಿದವು ಟ್ರ್ಯಾಕ್ಟರ್, ಲಾರಿಗೆ. "ಇದು ಒಂದೇ ಸರ್ವರ್‌ನಲ್ಲಿ ಆಗೋ ಮಾತಲ್ಲ ಬಿಡ್ರೀ" ಅಂತ ಕಾಟಾ ಕಂಪನಿಯ ಎಂಜಿನಿಯರ್ ಕೈ ಎತ್ತಿದ. 2007ರ ಹಂಗಾಮಿನಲ್ಲಿ ಆಯಿತು, ಆರೂ ಕಾಟಾ ಒಂದೇ ಕಡೆಯಿಂದ ನಡೆದವು.

ಮೊದಲು ದುಡ್ಡಿನ ಮಾತು. ಪ್ರತಿ ಕಾಟಾ ಕ್ಯಾಬಿನ್‌ಗೆ ಒಂದು ಪಿಸಿ ಇತ್ತು. ಧೂಳಿಗೆ ಹಂಗಾಮಿಗೆ ಎರಡು-ಮೂರು ಹೋಗುತ್ತಿದ್ದವು, ಜೊತೆಗೆ ಅದರೊಳಗಿನ ಡೇಟಾ. ಹೊಸ ಪಿಸಿ, ಯುಪಿಎಸ್ ಎಲ್ಲ ಸೇರಿ ಎರಡೂವರೆ ಲಕ್ಷದ ಕೊಟೇಶನ್ ಬಂತು. ನಾನು ಕೇಳಿದ್ದು 8 ಜಿಬಿ ರ‍್ಯಾಮ್‌ನ ಒಂದು ಸರ್ವರ್, ಸುಮಾರು ಒಂದೂಕಾಲು ಲಕ್ಷ. ಹಳೆಯ ಪಿಸಿಗಳು ಬರೀ ಟರ್ಮಿನಲ್ ಆಗಿ ಉಳಿದವು. ಒಂದು ಕೆಟ್ಟರೆ ಇನ್ನೊಂದು ಇಟ್ಟರಾಯಿತು.

ಬೇರೆ ದಾರಿಗಳನ್ನೂ ನೋಡಿದ್ದೆ. ಮೈಕ್ರೋಸಾಫ್ಟ್ ವರ್ಚುವಲ್ ಸರ್ವರ್ 2005ರಲ್ಲಿ ಕಾಂ ಪೋರ್ಟ್ (ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟ್‌ಗೆ ಇರುವ ಹೆಸರು) ಎರಡೇ, ಸಿಪಿಯು ಒಂದೇ. ವಿಎಂವೇರ್‌ನದೇ ಇಎಸ್‌ಎಕ್ಸ್‌ಗೆ ಆಗ ದುಡ್ಡು ಕೊಡಬೇಕಿತ್ತು. ಟ್ರಯಲ್‌ಗೆ ಇದ್ದ ಹಳೆಯ ಮಷೀನ್‌ನಲ್ಲಿ ಇಂಥದೇ ಇನ್ನೊಂದು ಸಾಫ್ಟ್‌ವೇರ್ ಝೆನ್ ಹಾಕಿದೆ. ಪ್ರೊಸೆಸರ್‌ನಲ್ಲಿ ವಿಟಿ (ವಿಎಂ ಓಡಿಸಲು ನೆರವಾಗುವ ಸೌಲಭ್ಯ) ಇಲ್ಲದ್ದಕ್ಕೆ ವಿಂಡೋಸ್ ಏಳಲೇ ಇಲ್ಲ. ಒಂದು ಭಾನುವಾರ ಹಾಗೇ ಹೋಯಿತು, ಆದರೆ ಲಿನಕ್ಸ್ ಗೆಸ್ಟ್ (ವಿಎಂ ಒಳಗಿನ ಸಿಸ್ಟಮ್) ಓಡಿದ ವೇಗ ಮಾತ್ರ ಅದ್ಭುತ!

ಕೊನೆಗೆ ಸೀರಿಯಲ್ ಲೈನುಗಳನ್ನು ವಿಎಂ ಒಳಗೆ ತರುವುದನ್ನೇ ಬಿಟ್ಟೆ. ಎಂಟು ಪೋರ್ಟ್‌ನ ಪಿಸಿಐ ಕಾರ್ಡ್ ಲಿನಕ್ಸ್ ಹೋಸ್ಟ್‌ನಲ್ಲೇ, ಅಂದರೆ ವಿಎಂಗಳನ್ನು ಹೊತ್ತ ಸರ್ವರ್‌ನಲ್ಲೇ, ಕೂತಿತು. ಎಂಟೊಂಬತ್ತು ಸಾವಿರ ಆಗಿರಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಅಲ್ಲೂ ನಾಲ್ಕೇ ಪೋರ್ಟ್ ತೋರಿಸಿತು! ಬೂಟ್ ಸಾಲಿನಲ್ಲಿ ಸೀರಿಯಲ್ ಪೋರ್ಟ್ ನೋಡಿಕೊಳ್ಳುವ 8250 ಡ್ರೈವರ್‌ನ ಪೋರ್ಟ್ ಸಂಖ್ಯೆ ಹೆಚ್ಚಿಸಿದ ಮೇಲೆ ಎಲ್ಲ ಕಂಡವು. ಸೀರಿಯಲ್ ಲೈನನ್ನು ನೆಟ್‌ವರ್ಕ್ ಮೇಲೆ ಕೊಡುವ ಸರ್‌ಟುನೆಟ್‌ನಿಂದ ಪ್ರತಿ ಲೈನಿಗೆ ಒಂದು ಟಿಸಿಪಿ ಪೋರ್ಟ್, ರಾ ಮೋಡ್ (ಡೇಟಾ ಬಂದ ಹಾಗೇ ಹೋಗಲಿ ಅಂತ), ಟೈಮ್‌ಔಟ್ ಸೊನ್ನೆ (ಸುಮ್ಮನಿದ್ದರೂ ಲೈನ್ ಕಡಿಯದಿರಲಿ ಅಂತ). ವಿಂಡೋಸ್ 2003 ಗೆಸ್ಟ್‌ನಲ್ಲಿ ಕಾಂ-ಝೀರೋ-ಕಾಂ ಎಂಬ ಡ್ರೈವರ್‌ನ ಹುಸಿ ಕಾಂ ಪೋರ್ಟ್ ಜೋಡಿಗಳು: ಒಂದು ತುದಿ ನೆಟ್‌ವರ್ಕ್‌ಗೆ, ಇನ್ನೊಂದು ಕಾಟಾ ಸಾಫ್ಟ್‌ವೇರ್‌ಗೆ. ಕಾಟಾ ಸಾಫ್ಟ್‌ವೇರ್‌ಗೆ ಆರು ಕಾಂ ಪೋರ್ಟ್ ಸಿಕ್ಕವು, ಅದಕ್ಕೆ ಅಷ್ಟು ಸಾಕು. ತೂಕ ತೋರಿಸುವ ಇಂಡಿಕೇಟರ್‌ನಿಂದ ಅರ್ಧ ಫ್ರೇಮ್ (ಒಂದು ತೂಕದ ಸಂದೇಶ) ಬಂದಾಗ ತಪ್ಪು ತೂಕ ಹಿಡಿಯಬಾರದಲ್ವಾ, ಅದಕ್ಕೆ ನಡುವೆ ಒಂದು ಚಿಕ್ಕ ಸ್ಕ್ರಿಪ್ಟ್ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ನನಗೆ ಮತ್ತೆರಡು ಕಾರ್ಖಾನೆಯ ಕೆಲಸ ಬಂತು.

ನಿಜವಾಗಿ ಕಾಡಿದ್ದು ಗಡಿಯಾರ. ಹೋಸ್ಟ್‌ನ ಸಿಪಿಯು ವೇಗ ಏರಿಳಿದಾಗ ಗೆಸ್ಟ್‌ನ ಟೈಮ್ ಮುಂದೆ ಓಡುತ್ತಿತ್ತು. ಗೆಸ್ಟ್ ಒಳಗೆ ಹಾಕುವ ವಿಎಂವೇರ್ ಟೂಲ್ಸ್, ಹಿಂದೆ ಬಿದ್ದ ಗಡಿಯಾರವನ್ನು ಮುಂದೆ ತರುತ್ತಿತ್ತು, ಮುಂದೆ ಓಡಿದ್ದನ್ನು ಹಿಂದೆ ಎಳೆಯುತ್ತಿರಲಿಲ್ಲ. ಚೀಟಿಯ ಮೇಲೆ 4:40, ಡ್ರೈವರ್‌ನ ಮೊಬೈಲ್‌ನಲ್ಲಿ 4:10. ಡಬಲ್ ಟ್ರೇಲರ್ ಹೊತ್ತ ಟ್ರ್ಯಾಕ್ಟರ್‌ಗಳು ಗೇಟಿನಾಚೆ ಸಾಲು ನಿಂತಿರುವಾಗ ಪಾಳಿಯ ಟೈಮ್ ತಪ್ಪಿದರೆ ಜಗಳ ಬಿಡಿಸುವವರು ಯಾರು? ಹೋಸ್ಟ್‌ನ ಕಾನ್ಫಿಗ್ ಫೈಲಿನಲ್ಲಿ ಸಿಪಿಯುನ ಗರಿಷ್ಠ ವೇಗವನ್ನು ಕಿಲೋಹರ್ಟ್ಜ್‌ನಲ್ಲಿ ಬರೆದು, ಎರಡು ನೋ-ಟಿಎಸ್‌ಸಿ ಸಾಲು (ಸಿಪಿಯುನ ಬಡಿತ ಎಣಿಸುವ ಕೌಂಟರ್ ನಂಬಬೇಡ ಅಂತ) ಸೇರಿಸಿದ ಮೇಲೆ ನಿಂತಿತು.

ರ‍್ಯಾಮ್‌ನಲ್ಲೂ ಒಂದು ಗೋಡೆ ಇತ್ತು. ಹೋಸ್ಟ್‌ನಲ್ಲಿ ಎಷ್ಟೇ ಇರಲಿ, ಒಂದು ವಿಎಂಗೆ 3.6 ಜಿಬಿಗಿಂತ ಜಾಸ್ತಿ ಇಲ್ಲ. ರೈತರ ಬಿಲ್ಲಿನ ಡೇಟಾಬೇಸ್ ಬೇರೆ ವಿಎಂಗೆ ಹೋಯಿತು. ವಿಎಂನ ಮೆಮೊರಿ ಫೈಲ್ ಸುಮ್ನೆ ಡಿಸ್ಕ್ ಅರೆಯುತ್ತಿತ್ತು. ನೇಮ್ಡ್ ಫೈಲ್ ಆಯ್ಕೆಯನ್ನು ಬಂದ್ ಮಾಡಿ, ಟೆಂಪ್ ಡೈರೆಕ್ಟರಿಯನ್ನು ರ‍್ಯಾಮ್ ಮೇಲಿನ ಎಸ್‌ಎಚ್‌ಎಂ ಎಂಬ ಜಾಗಕ್ಕೆ ತೋರಿಸಿದೆ. ಅದರ ಅಳತೆ ಮೊದಲಿಗೆ ರ‍್ಯಾಮ್‌ನ ಅರ್ಧ ಮಾತ್ರ ಇರುತ್ತದೆ, ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೆಚ್ಚಿಸದಿದ್ದರೆ ಎರಡನೇ ವಿಎಂ ಶುರುವಾಗುವುದಿಲ್ಲ. ಎರಡು ವರ್ಚುವಲ್ ಸಿಪಿಯು ಕೊಟ್ಟೂ ನೋಡಿದೆ. ಆ ಆವೃತ್ತಿಯಲ್ಲಿ ಅದಿನ್ನೂ ಪ್ರಯೋಗದ ಹಂತದಲ್ಲಿತ್ತು, ನನಗಂತೂ ನಿಧಾನವಾಯಿತು. ಒಂದಕ್ಕೇ ಇಳಿಸಿದೆ.

ಮುಂದೆ ವಿಎಂವೇರ್‌ನ ಇಎಸ್‌ಎಕ್ಸ್‌ಐಗೆ ಹೋದಾಗಲೂ ಸೀರಿಯಲ್ ಪೋರ್ಟ್ ನಾಲ್ಕೇ. ವಿಎಂವೇರ್ ಅದನ್ನು 32ಕ್ಕೆ ಏರಿಸಿದ್ದು 2015ರಲ್ಲಿ, ಇಎಸ್‌ಎಕ್ಸ್‌ಐ ಸೇರಿರುವ ವಿಸ್ಫಿಯರ್ 6.0 ಜೊತೆ. ನಾನು ಅದಕ್ಕೆ ಕಾಯಲಿಲ್ಲ. ಕಾರ್ಡ್ ಇದ್ದ ಲಿನಕ್ಸ್ ಬಾಕ್ಸನ್ನು ಹಾಗೇ ಬಿಟ್ಟು ವಿಎಂ ಮಾತ್ರ ಎತ್ತಿ ಹಾಕಿದೆ. ಗೆಸ್ಟ್ ಒಳಗಿನ ಆರು ಕಾಂ ಪೋರ್ಟ್ ಮುಟ್ಟುವ ಕೆಲಸವೇ ಬೀಳಲಿಲ್ಲ.