ಗ್ರಿಲ್ಲರ್ ತರೋದಕ್ಕೆ ಮುಂಚೆ ಗೋಡೆ ನೋಡಿ

ಸಾಗರ, ತಾಳಗುಪ್ಪ, ಜೋಗದ ದಾರಿಯುದ್ದಕ್ಕೂ ಈಗ ಹುಡುಗ ಹುಡುಗಿಯರು ಕಾಫಿ ಅಂಗಡಿ ಇಡ್ತಿದ್ದಾರೆ. ನೋಡೋಕೆ ಸಂತೋಷ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಜೊತೆಗೆ ಪಾನಿನಿಯೂ, ಅಂದರೆ ಬಿಸಿ ಪ್ಲೇಟಿನ ನಡುವೆ ಒತ್ತಿ ಕಾಯಿಸಿದ ಇಟಲಿ ಸ್ಯಾಂಡ್‌ವಿಚ್ಚೂ, ಇರಲಿ ಅಂತ ಅವರಿಗೆ ಆಸೆ. ಅದನ್ನು ಒತ್ತಿ ಕಾಯಿಸೋ ಗ್ರಿಲ್ಲರ್ ಮೆಷಿನ್ ಎಂಥದ್ದು ತರಲಿ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಅಡುಗೆಮನೆ ಗೋಡೆಯಲ್ಲಿ ಎಂಥಾ ಪ್ಲಗ್ ಇದೆ ಮಾರಾಯ್ರೆ?

ಹೋಟೆಲಿಗೆ ಅಂತ ಮಾಡಿದ ಒಂಟಿ ಪ್ಲೇಟಿನ ಗ್ರಿಲ್ಲರ್ ಸುಮಾರು 2,000 ವ್ಯಾಟ್ ಎಳೆಯುತ್ತೆ, ಕೆಲವು 2,200. ಅಂದರೆ ಒಂಬತ್ತು ಒಂಬತ್ತೂವರೆ ಆಂಪಿಯರ್. ಫ್ಯಾನು, ಮಿಕ್ಸಿಗೆ ಹಾಕಿಸಿದ 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಅದು ತಡೆಯೋದಿಲ್ಲ, 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಜೋಡಿ ಪ್ಲೇಟಿನದು 3,600 ವ್ಯಾಟ್ ಅಂತ ಬರೆದಿದ್ದರೆ ಪವರ್ ಪ್ಲಗ್ಗಿನ ಶಕ್ತಿಯೆಲ್ಲ ಅದೊಂದಕ್ಕೇ ಮುಗೀತು. ಅದಕ್ಕೆ ಬೋರ್ಡಿಂದಲೇ ಬೇರೆ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್) ಹಾಕಿಸಿ. ಹಳೇ ಮನೆಯ ಜಗುಲಿಯನ್ನೇ ಅಂಗಡಿ ಮಾಡಿಕೊಂಡವರು ಇನ್ನೂ ಹುಷಾರಾಗಿರಬೇಕು, ಅಲ್ಲಿರೋ ವೈರು ಎರಡು ಬಲ್ಬು ಉರಿಸೋಕೆ ಎಳೆದದ್ದು. ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸೋ ಯೋಚನೆಯಂತೂ ಬೇಡವೇ ಬೇಡ. ಮೀಟರಿಗೆ ಎಷ್ಟು ಲೋಡ್ ಮಂಜೂರಾಗಿದೆ ಅಂತ ಬಿಲ್ಲಲ್ಲೇ ಇರುತ್ತೆ. ಸಾಲದಿದ್ದರೆ ಮೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಂಡು, ಆಮೇಲೆ ಮೆಷಿನ್ ತನ್ನಿ.

ಇನ್ನು ವೋಲ್ಟೇಜು. ಲೈನಿನ ಕೊನೆಯಲ್ಲಿರೋ ಊರುಗಳಲ್ಲಿ ಸಂಜೆ ಹೊತ್ತು ಬಲ್ಬು ಮಂಕಾಗೋದು ನಮಗೆ ಗೊತ್ತಿದ್ದದ್ದೇ. 230 ಇರಬೇಕಾದ್ದು 180ಕ್ಕೆ ಇಳಿದರೆ ಕಾವೂ ಅಷ್ಟೇ ಇಳಿಯುತ್ತೆ ಅಂದುಕೊಳ್ಳಬೇಡಿ, ಅದಕ್ಕಿಂತ ಜಾಸ್ತಿ ಇಳಿಯುತ್ತೆ. 2,200 ವ್ಯಾಟಿನ ಮೆಷಿನ್ ಆಗ ಕೊಡೋದು 1,350ರಷ್ಟು ಮಾತ್ರ. ಬ್ರೆಡ್ಡು ಹೊತ್ತು ಹೋದಷ್ಟೂ ಒಣಗಿ ರಸ್ಕ್ ಆಗುತ್ತೆ, ಒಳಗಿನ ಚೀಸು ಕರಗೋದೇ ಇಲ್ಲ, ಬೈಗುಳ ಮಾತ್ರ ಮೆಷಿನ್ನಿಗೆ. ಇನ್ವರ್ಟರಿನ ಮೇಲೆ ಓಡಿಸೋಣ ಅಂದರೆ ಮನೆ ಇನ್ವರ್ಟರಿಗೆ ಅದು ಆಗದ ಮಾತು. ಹೊಸನಗರದಿಂದ ಆಚೆ, ಕಾಡಂಚಿನಲ್ಲಿ ಅಂಗಡಿ ಇಡೋರಾದರೆ ಗ್ಯಾಸಿನ ಗ್ರಿಲ್ಲರ್ ನೋಡಿ ಅನ್ನೋದು ನನ್ನ ಮಾತು. ಉರಿ ಹದ ಕಣ್ಣಲ್ಲೇ ನೋಡ್ಕೋಬೇಕು, ನಿಜ. ಆದರೆ ಮರ ಬಿದ್ದು ಎರಡು ದಿನ ಕರೆಂಟು ಹೋದರೂ ವ್ಯಾಪಾರ ನಿಲ್ಲೋದಿಲ್ಲ.

ಜೋಗದಲ್ಲಿ ನೀರು ತುಂಬೋದೂ ಜನ ತುಂಬೋದೂ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೇ. ಗ್ರಿಲ್ಲರಿಗೆ ಕಷ್ಟಕಾಲವೂ ಅದೇ. ಕಾಯೋ ಕಡ್ಡಿಯ ಒಳಗೆ ತಂತಿಯ ಸುತ್ತ ಬಿಳಿ ಪುಡಿ ತುಂಬಿರ್ತಾರೆ, ಅದು ಥಂಡಿ ಹೀರಿಕೊಳ್ಳುವಂಥದ್ದು. ವಾರಗಟ್ಟಲೆ ಸುಮ್ಮನೆ ಇಟ್ಟ ಮೆಷಿನ್ನಿಗೆ ಸ್ವಿಚ್ ಹಾಕಿದ ತಕ್ಷಣ ಇಡೀ ಮನೆ ಕರೆಂಟು ಟ್ರಿಪ್ ಆಗೋದು ಸಾಮಾನ್ಯವಾಗಿ ಇದರಿಂದಲೇ. ಮಳೆಗಾಲದಲ್ಲಿ ಗಿರಾಕಿ ಬರಲಿ ಬಿಡಲಿ, ದಿನಾ ಬೆಳಗ್ಗೆ ಕಾಲು ಗಂಟೆ ಸಣ್ಣ ಕಾವಿನಲ್ಲಿ ಉರಿಸಿಡಿ. ಟ್ರಿಪ್ ಆಗುತ್ತೆ ಅಂತ, ಕರೆಂಟು ಸೋರಿದ ಕೂಡಲೇ ಲೈನು ಕಡಿಯೋ ಬೋರ್ಡಿನ ಸ್ವಿಚ್ಚನ್ನೇ ತಪ್ಪಿಸಿ ನೇರ ಲೈನು ಕೊಡೋ ಬುದ್ಧಿವಂತರಿದ್ದಾರೆ, ಅಂಥವರನ್ನು ಅಡುಗೆಮನೆ ಒಳಗೇ ಬಿಡಬೇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡೋ ಹೆಣ್ಣುಮಕ್ಕಳ ಜೀವ ಕಾಯೋದು ಆ ಸ್ವಿಚ್ಚೇ.

ಪ್ಲೇಟು ಬೀಡು ಕಬ್ಬಿಣದ್ದಾದರೆ ನಮ್ಮ ದೋಸೆ ಕಾವಲಿ ಇದ್ದ ಹಾಗೆ: ಕಾಯೋಕೆ ತಡ, ಕಾದ ಮೇಲೆ ಸಾಲು ಸಾಲು ಹಾಕಿದರೂ ಆರೋದಿಲ್ಲ. ಆದರೆ ರಾತ್ರಿ ತೆಳ್ಳಗೆ ಎಣ್ಣೆ ಸವರಿಡದಿದ್ದರೆ ಆಷಾಢದಲ್ಲಿ ಬೆಳಗಾಗೋದ್ರೊಳಗೆ ತುಕ್ಕು. ಬಿಸಿ ಇರುವಾಗ ತಣ್ಣೀರು ಸುರಿದರೆ ಬಿರುಕು ಬಿಡುತ್ತೆ, ಮರದ ಸಟ್ಟುಗದಲ್ಲಿ ಕೆರೆದು ಒರೆಸಿ. ನಾನ್‌ಸ್ಟಿಕ್ ಅಲ್ಯೂಮಿನಿಯಂ ಬೇಗ ಕಾಯುತ್ತೆ, ತೊಳೆಯೋಕೂ ಸುಲಭ, ಆದರೆ ಕೆಲಸದ ಹುಡುಗ ಒಂದು ದಿನ ಚಾಕು ಆಡಿಸಿದರೆ ಮುಗೀತು. ದಿನಕ್ಕೆ ಹತ್ತು ಹದಿನೈದು ಸ್ಯಾಂಡ್‌ವಿಚ್ಚಿನ ವ್ಯಾಪಾರಕ್ಕೆ ಅದೂ ಸಾಕು ಬಿಡಿ.

ಇಟಲಿ ಕಡೆ ಪಾನಿನಿಗೆ ಹಾಕೋದು ಚಾಬಟ್ಟಾದಂಥ ಗಟ್ಟಿ ಬ್ರೆಡ್ಡು, ಭಾರದ ಮುಚ್ಚಳ ಅದಕ್ಕೆ ಸರಿ. ನಮ್ಮ ಬೇಕರಿಯ ಮೆತ್ತನೆ ಹಾಲು ಬ್ರೆಡ್ಡಿಗೆ ಅದೇ ಮುಚ್ಚಳ ಬಿದ್ದರೆ ಆಲೂಗಡ್ಡೆ ಪಲ್ಯ ನಾಲ್ಕೂ ಕಡೆ ಹೊರಗೆ. ಸ್ಪ್ರಿಂಗ್ ಬಿಗಿ ಸಡಿಲ ಮಾಡೋಕೆ ಬರುತ್ತಾ, ಮುಚ್ಚಳ ದಪ್ಪಕ್ಕೆ ತಕ್ಕಂತೆ ಹಿಂದೆ ಮುಂದೆ ಒಂದೇ ಸಮ ಏಳುತ್ತಾ ನೋಡಿ. ಇದನ್ನೆಲ್ಲ ಪರೀಕ್ಷೆ ಮಾಡೋಕೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುವಾಗ ಚೀಲದಲ್ಲಿ ಒಂದು ಪೌಂಡ್ ಬ್ರೆಡ್ಡು ಇಟ್ಕೊಂಡೇ ಹೋಗಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಪ್ಲೇಟು ತುಂಬ ಬರಿ ಬ್ರೆಡ್ಡು ಜೋಡಿಸಿ, 180 ಡಿಗ್ರಿಗೆ ಇಟ್ಟು ನಾಲ್ಕು ನಿಮಿಷ ಒತ್ತಿಸಿ. ನಡುವೆ ಕರಕಲು, ಮೂಲೆಯಲ್ಲಿ ಬಿಳಿ ಇದ್ದರೆ ಬೇರೆ ತೋರಿಸಿ ಅನ್ನಿ. ಎಷ್ಟು ಹಿಡಿಯುತ್ತೆ ಅನ್ನೋದೂ ಅಲ್ಲೇ ಗೊತ್ತಾಗುತ್ತೆ: ಒಂದು ಸಲಕ್ಕೆ ಎರಡು ಹಿಡಿದರೆ, ಬಿಡುವಿಲ್ಲದೆ ಹಾಕಿದರೂ ಗಂಟೆಗೆ ಮೂವತ್ತು ದಾಟೋದಿಲ್ಲ.

ಹೊರಗಿನ ಸ್ಟೀಲು 304 ಅನ್ನೋ ಒಳ್ಳೇ ದರ್ಜೆಯದು ಅಂತ ಹೇಳಿ, ಅಂಟೋದಿಲ್ಲ ನೋಡಿ ಅಂತ ಅಯಸ್ಕಾಂತ ಹಿಡಿದು ತೋರಿಸ್ತಾರೆ. ಅಗ್ಗದ 202ಕ್ಕೂ ಅಯಸ್ಕಾಂತ ಅಂಟೋದಿಲ್ಲ, ಹಾಗಾಗಿ ಅದಕ್ಕೆ ಮರುಳಾಗದೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎಣ್ಣೆ ಇಳಿಯೋ ತಟ್ಟೆ ಎಳೆದರೆ ಹೊರಗೆ ಬರಬೇಕು. ಕಡ್ಡಿ ಸುಟ್ಟರೆ, ಕಾವು ಹದದಲ್ಲಿಡೋ ಥರ್ಮೋಸ್ಟ್ಯಾಟ್ ಕೆಟ್ಟರೆ ಶಿವಮೊಗ್ಗದಲ್ಲೇ ಬದಲಾಯಿಸಿ ಕೊಡೋರು ಯಾರು ಅಂತ ದುಡ್ಡು ಕೊಡೋ ಮುಂಚೆ ಕೇಳಿ. ಬೆಂಗಳೂರಿಗೇ ಕಳಿಸಬೇಕು ಅಂದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.