ಚಕ್ರ ಸುತ್ತುತ್ತಿದೆಯಾ, ಚಿತ್ರ ಮುಗ್ಗರಿಸುತ್ತಿದೆಯಾ?

ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಸರಿಯಾಗಿ ಓಡದಿದ್ದರೆ ಎಲ್ಲರೂ ಮೊದಲು ಹೇಳುವ ಮಾತು ಒಂದೇ: ನೆಟ್ ಸ್ಲೋ ಇದೆ. ನನ್ನ ಹಳೆಯ ಲ್ಯಾಪ್‌ಟಾಪ್ ತಡವರಿಸಲು ಶುರು ಮಾಡಿದಾಗಲೂ ಮನೆಯವರು ಹಾಗೇ ಅಂದರು. ಆದರೆ ಅದೇ ವೈಫೈನಲ್ಲಿ, ಪಕ್ಕದಲ್ಲೇ ಇದ್ದ ಮೊಬೈಲ್‌ನಲ್ಲಿ ಅದೇ ವಿಡಿಯೊ ಸಲೀಸಾಗಿ ಓಡುತ್ತಿತ್ತು. ನೆಟ್ ಬದಲಾಯಿಸುವ ಯೋಚನೆ ಬಿಟ್ಟು, ಲ್ಯಾಪ್‌ಟಾಪ್ ಒಳಗೇ ಹುಡುಕಲು ಕೂತೆ.

ವಿಡಿಯೊ ಕೈಕೊಡುವುದರಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಚಿತ್ರ, ದನಿ ಎರಡೂ ಒಟ್ಟಿಗೆ ನಿಂತು ನಡುವೆ ಚಕ್ರ ಸುತ್ತುತ್ತಿದ್ದರೆ ಡೇಟಾ ಬಂದು ತಲುಪುತ್ತಿಲ್ಲ. ದನಿ ಸರಾಗವಾಗಿ ಬರುತ್ತಾ, ಚಿತ್ರ ಮಾತ್ರ ಮುಗ್ಗರಿಸುತ್ತಾ ಎಗರುತ್ತಾ ಹೋಗುತ್ತಿದ್ದರೆ ಡೇಟಾ ಬಂದಾಗಿದೆ, ಅದನ್ನು ಬಿಡಿಸಿ ತೆರೆಗೆ ಕೊಡಲು ಲ್ಯಾಪ್‌ಟಾಪ್‌ಗೆ ಆಗುತ್ತಿಲ್ಲ. ಈ ಎರಡರಲ್ಲಿ ಯಾವುದು ಅಂತ ತಿಳಿಯದೆ ಕ್ಯಾಶ್ ಅಳಿಸುವುದು, ಬ್ರೌಸರ್ ಮತ್ತೆ ಹಾಕುವುದು, ರೂಟರ್ ಆಫ್ ಮಾಡಿ ಆನ್ ಮಾಡುವುದು ಎಲ್ಲಾ ಸುಮ್ನೆ ಸಮಯ ಹಾಳು.

ಕಣ್ಣಂದಾಜು ಸಾಲದು ಅನಿಸಿದರೆ ಯೂಟ್ಯೂಬ್‌ನಲ್ಲೇ ಅಳತೆ ಸಿಗುತ್ತದೆ. ಓಡುತ್ತಿರುವ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಅಂತ ಒಂದು ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ಮೂಲೆಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ನಾನು ಅದರಲ್ಲಿ ಮೂರೇ ಸಾಲು ನೋಡುತ್ತೇನೆ. ‘ಬಫರ್ ಹೆಲ್ತ್’ ಅನ್ನುವುದು ಮುಂದಿನ ಎಷ್ಟು ಸೆಕೆಂಡಿನ ವಿಡಿಯೊ ಆಗಲೇ ಬಂದು ಕೂತಿದೆ ಅಂತ ಹೇಳುತ್ತದೆ. ಅದು ಸೊನ್ನೆಯ ಹತ್ತಿರ ಇಳಿಯುತ್ತಿದ್ದರೆ ನೆಟ್‌ನ ತೊಂದರೆ. ‘ಫ್ರೇಮ್ಸ್’ ಸಾಲಿನಲ್ಲಿ ‘ಡ್ರಾಪ್ಡ್’ ಪಕ್ಕದ ಸಂಖ್ಯೆ ನಿಲ್ಲದೆ ಏರುತ್ತಿದ್ದರೆ ಲ್ಯಾಪ್‌ಟಾಪ್ ಚಿತ್ರಗಳನ್ನು ಬಿಟ್ಟು ಬಿಟ್ಟು ತೋರಿಸುತ್ತಿದೆ ಅಂತ ಅರ್ಥ. ಮೂರನೆಯದು ‘ಕೋಡೆಕ್ಸ್’. ನನ್ನಲ್ಲಿ ಬಫರ್ ತುಂಬಿತ್ತು, ಡ್ರಾಪ್ಡ್ ಸಂಖ್ಯೆ ಓಡುತ್ತಿತ್ತು, ಕೋಡೆಕ್ ಜಾಗದಲ್ಲಿ ವಿಪಿ09 ಅಂತ ಇತ್ತು. ರೋಗ ಅಲ್ಲೇ ಸಿಕ್ಕಿತು.

ಕೋಡೆಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದು ಗೊತ್ತಿದ್ದರೆ ಅರ್ಧ ತೊಂದರೆ ಕಮ್ಮಿ. ವಿಡಿಯೊವನ್ನು ನೆಟ್‌ನಲ್ಲಿ ಕಳಿಸುವಾಗ ಗಾತ್ರ ತಗ್ಗಿಸಿ, ಒತ್ತಿ ಕಳಿಸುತ್ತಾರೆ. ಒತ್ತುವ ವಿಧಾನವೇ ಕೋಡೆಕ್. ಎಚ್.264 ಬಂದದ್ದು 2003ರಲ್ಲಿ, ವಿಪಿ9 (ನನ್ನ ಪಟ್ಟಿಯಲ್ಲಿ ಕಂಡ ವಿಪಿ09 ಇದೇ) ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಹೊಸದಾದಷ್ಟೂ ಕಡಿಮೆ ಡೇಟಾದಲ್ಲಿ ಅದೇ ಗುಣಮಟ್ಟ ಸಿಗುತ್ತದೆ, ಆದರೆ ಬಿಡಿಸುವ ಲೆಕ್ಕ ಜಾಸ್ತಿ. ಈ ಲೆಕ್ಕಕ್ಕೆಂದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಒಂದು ಬೇರೆ ಭಾಗ ಇರುತ್ತದೆ. ಆ ಭಾಗಕ್ಕೆ ಕೋಡೆಕ್ ಗೊತ್ತಿದ್ದರೆ ಪ್ರೊಸೆಸರ್ ತಣ್ಣಗೆ ಕೂತಿರುತ್ತದೆ. ಗೊತ್ತಿಲ್ಲದಿದ್ದರೆ ಇಡೀ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ಯಾನ್ ಕಿರುಚುತ್ತದೆ, ಬ್ಯಾಟರಿ ಇಳಿಯುತ್ತದೆ, ಚಿತ್ರ ಮುಗ್ಗರಿಸುತ್ತದೆ. ಎಚ್.264 ಬಿಡಿಸುವ ಶಕ್ತಿ ಈಗ ಬಳಕೆಯಲ್ಲಿರುವ ಹೆಚ್ಚುಕಮ್ಮಿ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇದೆ. ಇಂಟೆಲ್‌ನ ಕೋರ್ ಚಿಪ್‌ಗಳಲ್ಲಿ ವಿಪಿ9ಗೆ ಪೂರ್ತಿ ಬೆಂಬಲ ಬಂದದ್ದು 7ನೇ ತಲೆಮಾರಿನಿಂದ, ಎವಿ1ಗೆ ಬಂದದ್ದು 11ನೇ ತಲೆಮಾರಿನಿಂದ. ನನ್ನದು ಅದಕ್ಕಿಂತ ಹಳೆಯ ಕಾಲದ ಲ್ಯಾಪ್‌ಟಾಪ್.

ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕು. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಆರಿಸಿದರೆ ಸಾಮಾನ್ಯವಾಗಿ ‘ವಿಡಿಯೊ ಡಿಕೋಡ್’ ಅನ್ನುವ ಗೆರೆ ಕಾಣುತ್ತದೆ. ವಿಡಿಯೊ ಓಡುವಾಗ ಆ ಗೆರೆ ಏಳಬೇಕು. ನನ್ನಲ್ಲಿ ಅದು ಮಲಗಿಯೇ ಇತ್ತು, ಸಿಪಿಯು (ಪ್ರೊಸೆಸರ್) ಮಾತ್ರ ಶೇಕಡಾ ನೂರರ ಹತ್ತಿರ ಓಡಾಡುತ್ತಿತ್ತು. ಚಿಪ್ ಹೊಸದಾಗಿದ್ದೂ ಆ ಗೆರೆ ಮಲಗಿದ್ದರೆ ಬ್ರೌಸರ್‌ನ ಸೆಟ್ಟಿಂಗ್ಸ್ ನೋಡಬೇಕು. ಕ್ರೋಮ್‌ನಲ್ಲಿ ‘ಸಿಸ್ಟಮ್’ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್, ಅಂದರೆ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು, ಅದರ ಸ್ವಿಚ್ ಇರುತ್ತದೆ. ಯಾರೋ ಯಾವಾಗಲೋ ಆಫ್ ಮಾಡಿ ಮರೆತಿರುತ್ತಾರೆ. ಆನ್ ಮಾಡಿ ಬ್ರೌಸರ್ ಮುಚ್ಚಿ ತೆರೆದರೆ ಆಯಿತು.

ನನಗೆ ಆ ದಾರಿ ಇರಲಿಲ್ಲ, ಚಿಪ್‌ಗೇ ವಿಪಿ9 ಬರುತ್ತಿರಲಿಲ್ಲ. ಹಾಗಾಗಿ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿದೆ. ಅದು ಬ್ರೌಸರ್‌ಗೆ ಹೊಸ ಕೋಡೆಕ್‌ಗಳು ಬರುವುದಿಲ್ಲ ಅಂತ ಯೂಟ್ಯೂಬ್‌ಗೆ ತಿಳಿಸುತ್ತದೆ. ಆಗ ವಿಡಿಯೊ ಎಚ್.264ರಲ್ಲಿ ಬರುತ್ತದೆ. ಪುಟ ಮತ್ತೆ ತೆರೆದಾಗ ಕೋಡೆಕ್ ಸಾಲಿನಲ್ಲಿ ಎವಿಸಿ1 ಅಂತ ಬಂತು, ಅದು ಎಚ್.264ರದ್ದೇ ಇನ್ನೊಂದು ಹೆಸರು. ಡ್ರಾಪ್ಡ್ ಸಂಖ್ಯೆ ನಿಂತಿತು, ಫ್ಯಾನ್ ಸದ್ದಡಗಿತು. ಇದಕ್ಕೆ ಬೆಲೆಯೂ ಇದೆ: ಯೂಟ್ಯೂಬ್‌ನಲ್ಲಿ ಎಚ್.264 ಸಾಮಾನ್ಯವಾಗಿ 1080ಪಿವರೆಗೆ ಮಾತ್ರ ಸಿಗುತ್ತದೆ, ಡೇಟಾವೂ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಹಳೆಯ ಲ್ಯಾಪ್‌ಟಾಪ್‌ನ ತೆರೆಗೆ 1080ಪಿಗಿಂತ ಹೆಚ್ಚು ಬೇಕಾಗಿಯೂ ಇಲ್ಲ, ಅಲ್ವಾ?

ಎಕ್ಸ್‌ಟೆನ್ಶನ್ ಬೇಡ ಅನ್ನುವವರಿಗೆ ಇನ್ನೊಂದು ಉಪಾಯ. ಯೂಟ್ಯೂಬ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್‌ನ ವಿಡಿಯೊ ಸಿಗುವುದು 720ಪಿ ಮತ್ತು ಅದಕ್ಕಿಂತ ಮೇಲೆ. 480ಪಿಗೆ ಇಳಿಸಿದರೆ ಅದೇ ವಿಡಿಯೊ 30 ಫ್ರೇಮ್‌ಗೆ ಇಳಿಯುತ್ತದೆ. ಹೊರೆ ಎರಡು ಕಡೆಯಿಂದ ತಗ್ಗುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ಪಾಠ ಕೇಳಲು, ಸುದ್ದಿ ನೋಡಲು ಧಾರಾಳ ಸಾಕು.

ಆಕ್ಸಿಲರೇಶನ್ ಆಫ್ ಮಾಡಬೇಕಾದ ಸಂದರ್ಭವೂ ಇದೆ. ತೆರೆ ಹಸಿರಾಗುವುದು, ಚಿತ್ರದಲ್ಲಿ ಚೌಕಳಿ ಬರುವುದು, ದನಿ ಬರುತ್ತಾ ಚಿತ್ರ ಕಪ್ಪಾಗುವುದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್‌ನ, ಅಂದರೆ ಆ ಚಿಪ್ ನಡೆಸುವ ಸಾಫ್ಟ್‌ವೇರ್‌ನ, ಎಡವಟ್ಟು. ಪರೀಕ್ಷೆಗೆ ಅಂತ ಆಕ್ಸಿಲರೇಶನ್ ಆಫ್ ಮಾಡಿ ನೋಡಿ. ಸರಿಹೋದರೆ ಡ್ರೈವರ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಆಫ್ ಮಾಡಿ ಹಾಗೇ ಬಿಟ್ಟರೆ ಮೇಲೆ ಹೇಳಿದ ಹೊರೆ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ.

ಮೊದಲು ಚೆನ್ನಾಗಿ ಓಡಿ, ಸ್ವಲ್ಪ ಹೊತ್ತಿನ ಮೇಲೆ ಮುಗ್ಗರಿಸಲು ಶುರುವಾದರೆ ಬಿಸಿಯ ಕಡೆ ನೋಡಬೇಕು. ಪ್ರೊಸೆಸರ್ ತುಂಬಾ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಫ್ಯಾನ್ ದಾರಿಯಲ್ಲಿ ಧೂಳು ಕಟ್ಟಿದ್ದರೆ, ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಕೂತಿದ್ದರೆ ಹೀಗೇ ಆಗುತ್ತದೆ. ಚಾರ್ಜರ್ ತೆಗೆದ ಕೂಡಲೇ ಮುಗ್ಗರಿಸಿದರೆ ಪವರ್ ಉಳಿಸುವ ಮೋಡ್ ಆನ್ ಆಗಿರುತ್ತದೆ. ಕ್ರೋಮ್‌ನಲ್ಲೂ ಅದರದ್ದೇ ಒಂದು ಎನರ್ಜಿ ಸೇವರ್ ಇದೆ, ಅದನ್ನೂ ನೋಡಿ.

ಇನ್ನು ಚಕ್ರ ಸುತ್ತುವ ಬಗೆ. ಯೂಟ್ಯೂಬ್ ಸೂಚಿಸುವ ವೇಗ 720ಪಿಗೆ ಸೆಕೆಂಡಿಗೆ 2.5 ಮೆಗಾಬಿಟ್, 1080ಪಿಗೆ 5, 4ಕೆಗೆ 20. ಸಾಧಾರಣ ಮನೆ ನೆಟ್‌ಗೆ 1080ಪಿ ದೊಡ್ಡ ಭಾರವಲ್ಲ. ಹಾಗಿದ್ದೂ ನಿಲ್ಲುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ರೂಟರ್‌ನಿಂದ ಲ್ಯಾಪ್‌ಟಾಪ್‌ವರೆಗಿನ ವೈಫೈಯನ್ನು. ವೈಫೈನ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಅಕ್ಕಪಕ್ಕದ ರೂಟರ್, ಬ್ಲೂಟೂತ್, ಮೈಕ್ರೋವೇವ್ ಎಲ್ಲಾ ಒಂದೇ ಜಾಗಕ್ಕೆ ಗುದ್ದಾಡುತ್ತವೆ. ರೂಟರ್ ಹತ್ತಿರದಲ್ಲೇ ಇದ್ದರೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಒಮ್ಮೆ ಕೇಬಲ್ ಹಾಕಿ ನೋಡಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿರುವ ಆ್ಯಪ್ ಇದ್ದರೂ ವಿಡಿಯೊ ನಿಲ್ಲುತ್ತದೆ.

ವಿಡಿಯೊ ಶುರುವೇ ಆಗದಿದ್ದರೆ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ಅಲ್ಲಿ ಓಡಿದರೆ ಯಾವುದೋ ಎಕ್ಸ್‌ಟೆನ್ಶನ್ ಅಡ್ಡ ಬರುತ್ತಿರುವ ಸಾಧ್ಯತೆ ಜಾಸ್ತಿ. ಒಂದೊಂದಾಗಿ ಆಫ್ ಮಾಡುತ್ತಾ ಬಂದರೆ ಸಿಕ್ಕಿಬೀಳುತ್ತದೆ. ಲ್ಯಾಪ್‌ಟಾಪ್‌ನ ತಾರೀಕು, ಗಂಟೆ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಕೂಡಿಬರುವುದಿಲ್ಲ, ಅದನ್ನೂ ನೋಡಿಬಿಡಿ.

ದನಿಯ ಸಾಧನದಿಂದಲೂ ಚಿತ್ರ ನಿಲ್ಲುತ್ತದೆ ಅಂದರೆ ಬಹಳ ಜನ ನಂಬುವುದಿಲ್ಲ. ಬ್ರೌಸರ್ ಚಿತ್ರವನ್ನು ಓಡಿಸುವುದು ದನಿಯ ಗತಿಗೆ ಹೊಂದಿಸಿಕೊಂಡು. ಬ್ಲೂಟೂತ್ ಹೆಡ್‌ಫೋನ್ ಅರ್ಧಂಬರ್ಧ ಕಡಿದುಹೋಗಿ ದನಿಯ ದಾರಿ ಸಿಕ್ಕಿಕೊಂಡರೆ ಚಿತ್ರವೂ ಮುಂದೆ ಸಾಗುವುದಿಲ್ಲ. ಬಫರ್ ತುಂಬಿರುತ್ತದೆ, ಫ್ರೇಮ್ ಬಿದ್ದಿರುವುದಿಲ್ಲ, ಆದರೂ ವಿಡಿಯೊ ನಿಂತಲ್ಲೇ ನಿಂತಿರುತ್ತದೆ. ನನಗೆ ಹೀಗಾದಾಗ ಹೆಡ್‌ಫೋನ್ ಬಿಡಿಸಿ ಲ್ಯಾಪ್‌ಟಾಪ್‌ನ ಸ್ಪೀಕರ್ ಆರಿಸಿದೆ, ವಿಡಿಯೊ ತಕ್ಷಣ ಓಡಿತು.

ದುಡ್ಡು ಕೊಟ್ಟು ನೋಡುವ ಸೇವೆಗಳಲ್ಲಿ ಮಾತ್ರ ತೆರೆ ಕಪ್ಪಾಗಿ, ಉಳಿದ ಕಡೆ ಎಲ್ಲಾ ಸರಿಯಿದ್ದರೆ ಅದು ನಕಲು ತಡೆಯುವ ರಕ್ಷಣೆಯ ವಿಷಯ ಆಗಿರಬಹುದು. ಎಚ್‌ಡಿಎಂಐ ಮೂಲಕ ಹೊರಗಿನ ಮಾನಿಟರ್ ಜೋಡಿಸಿದಾಗ ಆ ಮಾನಿಟರ್ ಅಥವಾ ನಡುವಿನ ಅಡಾಪ್ಟರ್ ಎಚ್‌ಡಿಸಿಪಿ ಅನ್ನುವ ರಕ್ಷಣೆಯನ್ನು ಒಪ್ಪದಿದ್ದರೆ ಚಿತ್ರ ಬರುವುದಿಲ್ಲ. ತೆರೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಓಡುತ್ತಿದ್ದರೂ ಹೀಗಾಗಬಹುದು. ಮಾನಿಟರ್ ಕಿತ್ತು, ರೆಕಾರ್ಡರ್ ಮುಚ್ಚಿ, ಲ್ಯಾಪ್‌ಟಾಪ್‌ನ ಸ್ವಂತ ತೆರೆಯಲ್ಲಿ ಒಮ್ಮೆ ನೋಡಿ. ಚಿತ್ರ ಬಂದರೆ ತೊಂದರೆ ಮಾನಿಟರಿನದ್ದೋ ಅಡಾಪ್ಟರಿನದ್ದೋ ರೆಕಾರ್ಡರಿನದ್ದೋ, ಲ್ಯಾಪ್‌ಟಾಪ್‌ನದ್ದಲ್ಲ.