32 ಪುಟಗಳಲ್ಲಿ ಒಂದು ಸುರಂಗ

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ನೆಲದಡಿಯ ನೀರಿನ ಸುರಂಗ. ಅದರೊಳಗೆ ಹೊರಟ ಕಪ್ಪೆಯೊಂದರ ಕಥೆಯನ್ನು ನಾನೇ ಬರೆದು, ನಾನೇ ಚಿತ್ರಿಸುತ್ತಿದ್ದೇನೆ. ನಿಮ್ಮದೂ ಮೊದಲ ಚಿತ್ರಪುಸ್ತಕವಾದರೆ, ಬಣ್ಣಕ್ಕೆ ಕೈ ಹಾಕುವ ಮುನ್ನ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಮಾಡಿಕೊಳ್ಳಿ. ಎಂಟು ಹಾಳೆಗಳನ್ನು ನಡುವೆ ಮಡಚಿ ಹೊಲಿದರೆ 32 ಪುಟಗಳಾಗುತ್ತವೆ. ಚಿತ್ರಪುಸ್ತಕಗಳ ವಾಡಿಕೆಯ ಅಳತೆ ಅದೇ. ಶೀರ್ಷಿಕೆ, ಹಕ್ಕುಸ್ವಾಮ್ಯದ ಪುಟಗಳನ್ನು ಬಿಟ್ಟು ಉಳಿದವುಗಳಲ್ಲಿ ಪೆನ್ಸಿಲಿನಿಂದ ಒರಟಾಗಿ ಗೀಚಿ.

ಪುಟ ತಿರುಗಿಸುವ ಆ ಗಳಿಗೆಯಲ್ಲೇ ಕಥೆಯ ಜೀವವಿದೆ. ಕತ್ತಲಲ್ಲಿ ಕಪ್ಪೆ “ಅದೇನು ಬೆಳಕು?” ಎಂದು ಕೇಳುವುದು ಬಲಪುಟದ ಕೊನೆಯಲ್ಲಿ. ಬಾವಿಯಂಥ ಕಿಂಡಿಯಿಂದ ಇಳಿಯುವ ಬಿಸಿಲು ಕಾಣುವುದು ಪುಟ ತಿರುಗಿಸಿದ ಮೇಲೆಯೇ! ಇದಕ್ಕಾಗಿ ಎಷ್ಟು ಸಲ ಪುಟಗಳನ್ನು ಅದಲು ಬದಲು ಮಾಡಿದರೂ ಸಾರ್ಥಕ.

ಚಿತ್ರ ತೋರಿಸಿದ್ದನ್ನು ಮಾತು ಮತ್ತೆ ಹೇಳಬೇಕಿಲ್ಲ. ಜಂಬಿಟ್ಟಿಗೆಯ ಕೆಂಪನ್ನು ಬಣ್ಣವೇ ಹೇಳುವಾಗ “ಕೆಂಪು ಗೋಡೆ” ಎಂದೇಕೆ ಬರೆಯಬೇಕು? ನೀರು ತೊಟ್ಟಿಕ್ಕುವ ಸದ್ದನ್ನು ಬರೆಯಿರಿ, ಅದು ಚಿತ್ರಕ್ಕೆ ಸಿಗದು.

ಡಮ್ಮಿಯನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ. ಅವರ ಕಣ್ಣು ಬಾಗಿಲ ಕಡೆ ಹೊರಳಿದ ಸಾಲನ್ನು ಕತ್ತರಿಸಿ. ಕಪ್ಪೆಯ ಮುಖ ನಡುಮಡಿಕೆಗೆ ಸಿಕ್ಕಿಕೊಳ್ಳದಿರಲಿ. ಮುದ್ರಣಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಅಂಚಿನಾಚೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಚಿತ್ರ ಬಿಡಿ.